ಹಂದರ ಹೋತು, ಹುಂಡಾ ಯಾಕ ಉಳೀತು?

(ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ನಡೆದ ಸ್ವಸಹಾಯ ಸಂಘಗಳ ಮಹಿಳೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಟಿಕೋಟಾ, ಬಬಲೇಶ್ವರದ ಕಡೆಯಿಂದ ಬೆಳಗಿನ ಕೆಲಸ ಮುಗಿಸಿ ಬಸ್ಸು ಹಿಡಿದು ಬಂದಿದ್ದೀರಿ. ಊರಿನವರು ಮನೆಗೆಲಸ ಬಿಟ್ಟು ಬಂದಿದ್ದೀರಿ. ಇವತ್ತು ನಾವು ಮಾತಾಡಬೇಕಾದದ್ದು ಮದುವೆಯ ಪದ್ಧತಿಗಳ ಬಗ್ಗೆ. ಪದ್ಧತಿ ಎಂದ ಕೂಡಲೇ ಒಂದು ಮಾತು ಬರುತ್ತದೆ: "ಹಿಂದಿನಿಂದ ನಡಕೊಂಡು ಬಂದೈತ್ರಿ, ಬಿಡ್ಲಾಕ ಬರಂಗಿಲ್ಲ." ಈ ಮಾತನ್ನು ಎಷ್ಟೋ ಸಂಘಗಳ ಸಭೆಯಲ್ಲಿ ಕೇಳಿದ್ದೇನೆ. ಆದರೆ ನಾವು ಏನು ಬಿಟ್ಟಿದ್ದೇವೆ, ಏನು ಹಿಡಿದುಕೊಂಡಿದ್ದೇವೆ ಎಂದು ಕೂತು ಲೆಕ್ಕ ಹಾಕಿದ್ದೇವೆಯೇ? ಸಂಘದಲ್ಲಿ ಹತ್ತು ರೂಪಾಯಿ ಬಂದರೂ ಪುಸ್ತಕದಲ್ಲಿ ಬರೆಯುವವರು ನಾವು. ಮದುವೆಯ ಲೆಕ್ಕವನ್ನೂ ಒಮ್ಮೆ ಬರೆದು ನೋಡೋಣ.

ನಿಮ್ಮಲ್ಲಿ ಅರವತ್ತು ದಾಟಿದ ತಾಯಂದಿರಿದ್ದೀರಿ. ನಿಮ್ಮ ಮದುವೆ ನೆನಪು ಮಾಡಿಕೊಳ್ಳಿ. ಮನೆಯ ಮುಂದೆ ಹಂದರ ಹಾಕಿದ್ದರು. ಹಾಲಗಂಬ ತಂದು ಪೂಜೆ ಮಾಡಿ ನೆಟ್ಟಿದ್ದರು. ಕುಂಬಾರರ ಮನೆಯಿಂದ ಬಣ್ಣ ಬರೆದ ಐರಾಣಿ ಗಡಿಗೆಗಳನ್ನು ಹೆಣ್ಣುಮಕ್ಕಳು ಹೊತ್ತು, ವಾಲಗದೊಡನೆ ತಂದಿದ್ದರು. ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ನೂಲು ಸುತ್ತಿ, ಒಳಗೆ ಮದುಮಕ್ಕಳನ್ನು ಕೂರಿಸಿ ಸುರಗಿ ನೀರು ಹಾಕಿದ್ದರು. ಬೀಸುವಾಗ, ಕುಟ್ಟುವಾಗ, ಅರಿಷಿಣ ಹಚ್ಚುವಾಗ, ಪ್ರತಿಯೊಂದಕ್ಕೂ ಒಂದು ಹಾಡು. ಓಣಿಯ ಹೆಂಗಸರೆಲ್ಲ ಸೇರಿ ರೊಟ್ಟಿ ಬಡಿದಿದ್ದರು, ಹುಗ್ಗಿ ಮಾಡಿದ್ದರು. ಬೀಗರು ಚಕ್ಕಡಿಯಲ್ಲಿ ಬಂದಿದ್ದರು. ಕಾರ್ಯ ಮೂರು-ನಾಲ್ಕು ದಿನ ನಡೆದಿತ್ತು.

ಈಗ ಮದುವೆ ಸೀಸನ್ನಿನಲ್ಲಿ ಇದೇ ಸ್ಟೇಷನ್ ರಸ್ತೆಯಲ್ಲಿ ನಿಂತು ನೋಡಿ. ರೈಲು ನಿಲ್ದಾಣ, ಗೋಳಗುಮ್ಮಟದ ಕಡೆಯಿಂದ ಗಾಂಧಿಚೌಕದವರೆಗೆ ಕ್ರೂಸರ್ ಗಾಡಿಗಳು, ಬಸ್ಸುಗಳು, ಹೂವು ಕಟ್ಟಿದ ಕಾರುಗಳು. ಹಳ್ಳಿಯ ಮದುವೆಯೂ ಪಟ್ಟಣದ ಮಂಗಲ ಕಾರ್ಯಾಲಯಕ್ಕೆ ಬಂದಿದೆ. ಬಾಡಿಗೆ ಒಂದು ದಿನಕ್ಕೆ. ಆದ್ದರಿಂದ ಮೂರು ದಿನದ ಕಾರ್ಯ ಅರ್ಧ ದಿನಕ್ಕೆ ಇಳಿಯಿತು. ಹಾಲಗಂಬಕ್ಕೆ ನೆಲ ಅಗೆಯಲು ಅಲ್ಲಿ ಜಾಗವಿಲ್ಲ, ಒಂದು ಕೊಂಬೆಯನ್ನು ಕಂಬಕ್ಕೆ ಕಟ್ಟಿದರೆ ಮುಗಿಯಿತು. ಸುರಗಿ ಮನೆಯ ಬಚ್ಚಲಲ್ಲೇ ಆಗುತ್ತದೆ. ಸೋಬಾನ ಹೇಳುವವರ ದನಿ ಡಿಜೆಯ ಮುಂದೆ ಕೇಳುವುದಿಲ್ಲ. ಅರಿಷಿಣ ಹಚ್ಚುವುದು ಟಿವಿಯಲ್ಲಿ ನೋಡಿದಂತೆ ಎಲ್ಲರೂ ಹಳದಿ ಬಟ್ಟೆ ಹಾಕಿಕೊಳ್ಳುವ ಹಳದಿ ಕಾರ್ಯಕ್ರಮವಾಗಿದೆ. ಮೆಹೆಂದಿ ಬಂದಿದೆ. ಮದುವೆಗೆ ಮೊದಲೇ ಹುಡುಗ-ಹುಡುಗಿಯ ಫೋಟೋ ಶೂಟಿಂಗ್ ಬಂದಿದೆ.

ಇದನ್ನೆಲ್ಲ ನಾನು ದೂರುತ್ತಿಲ್ಲ. ಹಳೆಯ ಮದುವೆಯಲ್ಲಿ ಬೀಸಿ, ಕುಟ್ಟಿ, ಬೇಯಿಸಿ ಸೊಂಟ ಮುರಿದುಕೊಂಡವರು ಹೆಂಗಸರೇ. ಅಡುಗೆ ಬೇರೆಯವರು ಮಾಡಿದರೆ ನಮಗೆ ಆರಾಮವೇ. ಹಿಂದಿನದೆಲ್ಲ ಒಳ್ಳೆಯದಾಗಿತ್ತೆಂದೂ ಹೇಳುವುದಿಲ್ಲ. ಗಂಡ ಸತ್ತ ಹೆಂಗಸು ಸ್ವಂತ ಮಗಳಿಗೆ ಅರಿಷಿಣ ಹಚ್ಚುವಂತಿರಲಿಲ್ಲ, ಉಡಿ ತುಂಬುವಂತಿರಲಿಲ್ಲ. ಎಷ್ಟೋ ಮನೆಯಲ್ಲಿ ಇವತ್ತಿಗೂ ಹಾಗೇ ಇದೆ. ನಾನು ಕೇಳುವುದು ಒಂದೇ ಪ್ರಶ್ನೆ. ಇಷ್ಟೆಲ್ಲ ಬಿಟ್ಟೆವಲ್ಲ, ಯಾರಾದರೂ ಧರ್ಮ ಕೆಟ್ಟಿತು ಎಂದರೇ? ಐರಾಣಿ ತರಲಿಲ್ಲವೆಂದು ಯಾವ ಬೀಗರಾದರೂ ಹೆಣ್ಣನ್ನು ತವರಿಗೆ ಕಳಿಸಿದರೇ? ಇಲ್ಲ. ಆದರೆ ಗಾಡಿ ಕೊಡಲಿಲ್ಲವೆಂದು ಕಳಿಸಿದ್ದಾರೆ. ಒಂದು ತೊಲಿ ಬಂಗಾರ ಕಡಿಮೆಯಾಯಿತೆಂದು ಹೊಡೆದಿದ್ದಾರೆ. ಹಂದರ ಬಿಡಲು ಬಂತು, ಹಾಡು ಬಿಡಲು ಬಂತು, ಹುಂಡಾ ಮಾತ್ರ ಬಿಡಲು ಬರುವುದಿಲ್ಲವೆಂದರೆ ಅದು ಪದ್ಧತಿಯ ಮಾತಲ್ಲ, ದುಡ್ಡಿನ ಮಾತು.

ಇನ್ನೊಂದು ವಿಷಯ. ಹುಂಡಾ ನಮ್ಮೆಲ್ಲರ ಹಳೆಯ ಪದ್ಧತಿಯೇ ಅಲ್ಲ. ದುಡಿಯುವ ಜಾತಿಗಳಲ್ಲಿ ಹಿಂದೆ ಗಂಡಿನವರೇ ಹೆಣ್ಣಿನವರಿಗೆ ತೆರ ಕೊಟ್ಟು ಮದುವೆ ಮಾಡಿಕೊಳ್ಳುತ್ತಿದ್ದರು. ಎಂ. ಎನ್. ಶ್ರೀನಿವಾಸ್ ಅವರು ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬಗಳ ಕುರಿತು 1942ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ತೆರದ ವಿವರವಿದೆ. ಈಗ ನಾವು ಕಾಣುವ ವರದಕ್ಷಿಣೆ ಹಳೆಯ ಕನ್ಯಾದಾನದ ದಕ್ಷಿಣೆಯಲ್ಲ, ಇಂಗ್ಲಿಷ್ ಶಿಕ್ಷಣ ಮತ್ತು ಸಂಬಳದ ನೌಕರಿ ಬಂದ ಮೇಲೆ ಓದಿದ ಗಂಡಿಗೆ ಕಟ್ಟಿದ ಬೆಲೆ ಎಂದು ಅವರೇ ಮುಂದೆ ವಾದಿಸಿದರು. ಮೇಲಿನ ಜಾತಿಗಳಲ್ಲಿ ಶುರುವಾದದ್ದನ್ನು ಉಳಿದವರು "ನಾವೇನು ಕಡಿಮೆ" ಎಂದು ಹಿಡಿದುಕೊಂಡರು. ತೆರವೂ ಒಳ್ಳೆಯದಾಗಿರಲಿಲ್ಲ, ಅದರಲ್ಲೂ ಹುಡುಗಿಯನ್ನು ಯಾರೂ ಕೇಳುತ್ತಿರಲಿಲ್ಲ. ಆದರೆ ಗಂಡು ಕೊಡುವುದು ಹೋಗಿ ಹೆಣ್ಣು ಕೊಡುವುದು ಬಂತಲ್ಲ, ಇಷ್ಟು ದೊಡ್ಡ ಪದ್ಧತಿ ತಲೆಕೆಳಗಾದಾಗ ಯಾವ ಹಿರಿಯರೂ ತಡೆಯಲಿಲ್ಲ.

ಈಗ ಹುಂಡಾ ಎನ್ನಲು ಎಲ್ಲರಿಗೂ ನಾಚಿಕೆ. ಕಾನೂನಿನ ಹೆದರಿಕೆಯೂ ಇದೆ. ಆದ್ದರಿಂದ ಅದು ಬೇರೆ ಬೇರೆ ಹೆಸರು ಇಟ್ಟುಕೊಂಡಿದೆ. ಒಂದು ಕಡೆ ವರೋಪಚಾರ. ಇನ್ನೊಂದು ಕಡೆ ಸಂಸಾರದ ಸಾಮಾನು: ಕಪಾಟು, ಮಂಚ, ಫ್ರಿಜ್ಜು, ಭಾಂಡೆ. ಎಲ್ಲಕ್ಕಿಂತ ಜಾಣತನದ ಮಾತು ಎಂದರೆ, "ನಮಗೇನೂ ಬ್ಯಾಡ್ರಿ, ಮದುವಿ ಚಂದ ಮಾಡಿಕೊಡ್ರಿ ಸಾಕು." ಚಂದ ಎಂದರೆ ಏನು? ಅವರ ಕಡೆಯ ಐನೂರು, ಸಾವಿರ ಜನಕ್ಕೆ ಊಟ, ಕಾರ್ಯಾಲಯ, ಲೈಟು, ವಿಡಿಯೋ, ಡಿಜೆ, ಬೀಗರಿಗೆಲ್ಲ ಆಯೇರಿ. ಬಿಲ್ಲು ಹೆಣ್ಣಿನ ತಂದೆಯ ಹೆಸರಿಗೆ. ಹಂದರದ ಮದುವೆಯಲ್ಲಿ ಮುಯ್ಯಿಯ ಮೇಲೆ ಓಣಿಯವರು ಕಾಳು, ಬೆಲ್ಲ, ಹಾಲು, ಕೆಲಸ ಕೊಡುತ್ತಿದ್ದರು. ಕಾರ್ಯಾಲಯಕ್ಕೆ ಬಂದ ಮೇಲೆ ಎಲ್ಲಕ್ಕೂ ರೊಕ್ಕ.

ಬಂಗಾರದ ಲೆಕ್ಕ ನೋಡಿ. "ನಮ್ಮ ಮನೆತನದಾಗ ಐದು ತೊಲಿ ಪದ್ಧತಿ ಐತಿ" ಎನ್ನುತ್ತಾರೆ. 2005ರ ಸುಮಾರಿಗೆ ಹತ್ತು ಗ್ರಾಂ ಬಂಗಾರ ಏಳು ಸಾವಿರ ರೂಪಾಯಿ ಆಸುಪಾಸಿನಲ್ಲಿತ್ತು. ಅಂಗಡಿಯ ಲೆಕ್ಕದಲ್ಲಿ ಐದು ತೊಲಿಗೆ ಮೂವತ್ತೈದು ಸಾವಿರ. 2025ರಲ್ಲಿ ಹತ್ತು ಗ್ರಾಂ ಒಂದು ಲಕ್ಷ ದಾಟಿತು. ಅದೇ ಐದು ತೊಲಿಗೆ ಐದು ಲಕ್ಷದ ಮೇಲೆ. ತೊಲಿಯ ಸಂಖ್ಯೆ ಬದಲಾಗಲಿಲ್ಲ, ಆದ್ದರಿಂದ ಪದ್ಧತಿ ಬದಲಾಗಲಿಲ್ಲ ಎನ್ನುತ್ತಾರೆ. ನಮ್ಮ ಕೂಲಿ ಅಷ್ಟು ಪಟ್ಟು ಏರಿದೆಯೇ?

ಮದುವೆಯಾದ ಮೇಲೂ ಇದು ಮುಗಿಯುವುದಿಲ್ಲ. ಪಂಚಮಿ, ದೀಪಾವಳಿಯ ಅಳಿಯತನ, ಕುಬಸ, ಬಾಣಂತನ, ತೊಟ್ಟಿಲು. ಇವು ಹೆಣ್ಣುಮಕ್ಕಳು ತವರಿಗೆ ಬಂದು ನಾಲ್ಕು ದಿನ ಉಸಿರಾಡುವ ಹಬ್ಬಗಳು. ಇವನ್ನೂ ಕೇಳುವ ಸಂದರ್ಭ ಮಾಡಿಕೊಂಡಿದ್ದಾರೆ. "ಮನಿ ಕಟ್ಟಸ್ಲಾಕ ಹತ್ತೇವಿ, ನಿಮ್ಮಪ್ಪನ ಕಡಿಂದ ಎರಡು ಲಕ್ಷ ತಗೊಂಡು ಬಾ" ಎನ್ನುತ್ತಾರೆ. ಮನೆ ಕಟ್ಟಲು ಹಣ ಕೇಳುವುದೂ ವರದಕ್ಷಿಣೆಯೇ ಎಂದು 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೆಸರು ಯಾವುದೇ ಇರಲಿ, ಮದುವೆಗೆ ಸಂಬಂಧಪಟ್ಟು ಮೊದಲು, ಆಗ ಅಥವಾ ಆಮೇಲೆ ಕೊಟ್ಟ, ಕೊಡಲು ಒಪ್ಪಿದ ಸೊತ್ತನ್ನು 1961ರ ವರದಕ್ಷಿಣೆ ನಿಷೇಧ ಕಾಯ್ದೆ ವರದಕ್ಷಿಣೆ ಎಂದೇ ಕರೆಯುತ್ತದೆ.

ಇದರ ಕೊನೆ ಏನು ಎಂಬುದು ನಮಗೆ ಗೊತ್ತು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕದಂತೆ 2023ರಲ್ಲಿ ದೇಶದಲ್ಲಿ ಆರು ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳು ವರದಕ್ಷಿಣೆಗಾಗಿ ಸತ್ತರು. ದಿನಕ್ಕೆ ಹದಿನಾರಕ್ಕೂ ಹೆಚ್ಚು. ಇದು ಠಾಣೆಯಲ್ಲಿ ಬರೆದುಕೊಂಡ ಲೆಕ್ಕ. ಸ್ಟೋ ಸಿಡಿಯಿತು, ಬಾವಿಗೆ ಕಾಲು ಜಾರಿತು ಎಂದು ಬರೆಸಿದ್ದು ಇದರಲ್ಲಿ ಇಲ್ಲ.

ನಮ್ಮ ಸಂಘಗಳಿಗೂ ಇದಕ್ಕೂ ಏನು ಸಂಬಂಧ? ನಾನು ನೋಡಿದ ಒಂದು ಸಂಘದ ಪುಸ್ತಕದಲ್ಲಿ "ಎಮ್ಮೆ ಸಾಲ" ಎಂದು ಬರೆದಿತ್ತು. ಆ ಮನೆಯ ಕೊಟ್ಟಿಗೆಯಲ್ಲಿ ಎಮ್ಮೆ ಇರಲಿಲ್ಲ. ರೊಕ್ಕ ಬೀಗರ ಮನೆಗೆ ಹೋಗಿತ್ತು. ಸಾಲದ್ದಕ್ಕೆ ಬೇರೆ ಎರಡು ಕಡೆ ವಾರದ ಕಂತಿನ ಸಾಲ ಮಾಡಿದ್ದಳು. ದ್ರಾಕ್ಷಿ ತೋಟದ ಕೂಲಿಯೆಲ್ಲ ಕಂತಿಗೇ ಹೋಗುತ್ತಿತ್ತು. ಆರು ತಿಂಗಳಲ್ಲಿ ಮಗಳು ಮೈಮೇಲೆ ಬಾಸುಂಡೆ ಹೊತ್ತು ತವರಿಗೆ ಬಂದಳು. ತಾಯಿ ಅತ್ತಳು. ಆದರೆ ಹೇಳಿದ್ದು ಏನು ಗೊತ್ತೇ? "ನಿನ್ನ ಮದುವಿ ಸಾಲ ಇನ್ನ ತೀರಿಲ್ಲವ್ವ, ಸ್ವಲ್ಪ ತಡಕೋ." ಆ ತಾಯಿ ಕೆಟ್ಟವಳಲ್ಲ. ಸಾಲ ಅವಳ ಬಾಯಿ ಕಟ್ಟಿತ್ತು. ಹುಂಡಾಕ್ಕೆ ಮಾಡಿದ ಸಾಲ ಹಣವನ್ನು ಮಾತ್ರ ತಿನ್ನುವುದಿಲ್ಲ, ಹೊಡೆತ ತಿಂದ ಮಗಳು ವಾಪಸು ಬರುವ ಬಾಗಿಲನ್ನೂ ಮುಚ್ಚುತ್ತದೆ. ಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು, ಒಳ್ಳೆಯದು. ಆದರೆ ಸಾಲ ಯಾತಕ್ಕೆ ಮಾಡುತ್ತೇವೆ ಎಂಬುದನ್ನು ನಾವೇ ಕೇಳಿಕೊಳ್ಳಬೇಕು.

ಹಾಗಾದರೆ ಮದುವೆ ಆಗಲು ನಿಜವಾಗಿ ಏನು ಬೇಕು? 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಮು ಹೇಳುವುದು ಇಷ್ಟೇ: ವಧು ಅಥವಾ ವರ, ಯಾರಾದರೂ ಒಬ್ಬರ ಕಡೆಯ ರೂಢಿಯ ವಿಧಿಯಂತೆ ಮದುವೆ ಆಗಬೇಕು. ಸಪ್ತಪದಿ ಇರುವವರಿಗೆ ಏಳನೆಯ ಹೆಜ್ಜೆಗೆ ಮದುವೆ ಪೂರ್ಣ. ಅಕ್ಕಿಕಾಳು, ಗುಳದಾಳಿ ನಮ್ಮ ರೂಢಿಯಾದರೆ ಅದೇ ಸಾಕು. ಹುಡುಗಿಗೆ 18, ಹುಡುಗನಿಗೆ 21 ವರ್ಷ ತುಂಬಿರಬೇಕು. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ, ವಿಧಿ ನಡೆಯದೆ ಬರೀ ಸರ್ಟಿಫಿಕೇಟಿನಿಂದ ಹಿಂದೂ ಮದುವೆ ಆಗುವುದಿಲ್ಲ ಎಂದಿತು. ಅದೇ ತೀರ್ಪಿನಲ್ಲಿ, ಮದುವೆ ಹಾಡು ಕುಣಿತ, ಊಟ ಕುಡಿತದ ಸಮಾರಂಭವಲ್ಲ, ವರದಕ್ಷಿಣೆ ಕೇಳುವ ಸಂದರ್ಭವೂ ಅಲ್ಲ ಎಂದೂ ಹೇಳಿತು. ಅಂದರೆ ಕಾನೂನು ವಿಧಿಯನ್ನು ಕೇಳುತ್ತದೆ, ಆಡಂಬರವನ್ನು ಕೇಳುವುದಿಲ್ಲ. ನಾವು ಮಾಡುತ್ತಿರುವುದು ತಿರುಗಾಮುರುಗಾ: ವಿಧಿ ಹತ್ತು ನಿಮಿಷ, ಆಡಂಬರ ಹತ್ತು ಲಕ್ಷ.

ಸರಳ ಮದುವೆ ಹೊಸದೂ ಅಲ್ಲ. 1966ರಲ್ಲಿ ಕುವೆಂಪು ಅವರ ಮಗ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿ ಮಂತ್ರ ಮಾಂಗಲ್ಯದ ಕ್ರಮದಲ್ಲಿ ಮದುವೆಯಾದರು. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹ ನಡೆಯುತ್ತಿವೆ. ನಮ್ಮ ಕಡೆಯ ಮಠಗಳಲ್ಲೂ ಜಾತ್ರೆಗಳಲ್ಲೂ ನಡೆಯುತ್ತವೆ. ಎಲ್ಲಕ್ಕಿಂತ ದೊಡ್ಡ ಪಾಠ 2020ರದು. ಕೊರೊನಾ ಬಂದಾಗ ಮದುವೆಗೆ ಐವತ್ತೇ ಜನ ಎಂದು ಸರ್ಕಾರ ಮಿತಿ ಹಾಕಿತು. ಮನೆಯ ಅಂಗಳದಲ್ಲಿ ಅಕ್ಕಿಕಾಳು ಬಿದ್ದವು. ಆ ಮದುವೆಗಳೇನು ಮದುವೆಯಲ್ಲವೇ? ಆ ಜೋಡಿಗಳೂ ಮಕ್ಕಳು ಮರಿ ಹೊತ್ತು ಸಂಸಾರ ಮಾಡುತ್ತಿದ್ದಾರೆ. ಆದರೆ ಅಲ್ಲೂ ಒಂದು ಎಚ್ಚರಿಕೆ ಬೇಕು. ಖರ್ಚು ಉಳಿಯಿತಲ್ಲ, ಆ ರೊಕ್ಕ ನಮಗೇ ಕೊಡಿ ಎಂದ ಬೀಗರೂ ಇದ್ದರು. ಸಾಮೂಹಿಕ ವಿವಾಹದಲ್ಲಿ ತಾಳಿ ಕಟ್ಟಿಸಿ, ಹಿಂದಿನ ಬಾಗಿಲಿನಿಂದ ಹುಂಡಾ ತೆಗೆದುಕೊಂಡವರೂ ಇದ್ದಾರೆ. ಸರಳ ಮದುವೆ ಬೇರೆ, ಹುಂಡಾ ಇಲ್ಲದ ಮದುವೆ ಬೇರೆ. ನಮಗೆ ಎರಡೂ ಒಟ್ಟಿಗೆ ಬೇಕು.

ಪದ್ಧತಿಯನ್ನು ಜನರೇ ಕೂತು ಬದಲಿಸಬಹುದು. ಗಡಿಯಾಚೆ ಕೊಲ್ಹಾಪುರ ಜಿಲ್ಲೆ ಶಿರೋಳ ತಾಲೂಕಿನ ಹೇರವಾಡ ಗ್ರಾಮದವರು 2022ರ ಮೇ ತಿಂಗಳಲ್ಲಿ ಗ್ರಾಮಸಭೆ ಸೇರಿ, ಗಂಡ ಸತ್ತಾಗ ಬಳೆ ಒಡೆಯುವುದು, ಕುಂಕುಮ ಅಳಿಸುವುದು, ತಾಳಿ ತೆಗೆಸುವುದು ಬಂದ್ ಎಂದು ಠರಾವು ಮಾಡಿದರು. ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರ ಆ ಠರಾವನ್ನು ಮಾದರಿಯಾಗಿ ತೆಗೆದುಕೊಳ್ಳಿ ಎಂದು ಉಳಿದ ಪಂಚಾಯಿತಿಗಳಿಗೆ ತಿಳಿಸಿತು. ಒಂದು ಹಳ್ಳಿ ಅಷ್ಟು ಮಾಡಬಲ್ಲದಾದರೆ, ಹದಿನೈದು-ಇಪ್ಪತ್ತು ಮಂದಿಯ ನಮ್ಮ ಸಂಘ ಏನೂ ಮಾಡಲಾರದೇ?

"ಹುಂಡಾ ಕೊಡದಿದ್ರ ಹುಡುಗಿ ಮನ್ಯಾಗ ಕುಂದರ್ತಾಳ್ರಿ" ಎನ್ನುತ್ತೀರಿ. ಇದು ನಿಜವಾದ ಹೆದರಿಕೆ, ನಾನು ತಳ್ಳಿಹಾಕುವುದಿಲ್ಲ. ಆದರೆ ಇನ್ನೊಂದು ಕಡೆಯೂ ನೋಡಿ. ರೈತರ ಮಕ್ಕಳಿಗೆ ಹೆಣ್ಣು ಸಿಗುತ್ತಿಲ್ಲವೆಂದು 2023ರಲ್ಲಿ ಮಂಡ್ಯದ ಕಡೆಯ ಯುವಕರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಮಾಡಿದರು. ಹೆಣ್ಣು ಸಿಗುವುದೇ ಕಷ್ಟವಾದ ಮನೆಗಳಲ್ಲೂ ಹುಂಡಾ ಕೇಳುತ್ತಾರೆಂದರೆ, ನಾವು ಕೊಡುತ್ತೇವೆ ಎಂಬ ಭರವಸೆಯಿಂದಲೇ ಕೇಳುತ್ತಾರೆ. ಇಲ್ಲಿ ಕೂತ ನಾವೆಲ್ಲ ಬರೀ ಹೆಣ್ಣು ಹೆತ್ತವರಲ್ಲ. ಮಗನ ಮದುವೆಯಲ್ಲಿ ನಾವೇ ಬೀಗತಿಯರು. ಮಗಳಿಗೆ ಕೊಟ್ಟದ್ದನ್ನು ಸೊಸೆಯ ಕಡೆಯಿಂದ ವಸೂಲು ಮಾಡಿದರೆ ಈ ಸರಪಳಿ ಕಡಿಯುವುದಿಲ್ಲ. ಆದ್ದರಿಂದ ಮೊದಲ ಹೆಜ್ಜೆ ಮಗನ ತಾಯಿಯದು.

ಇನ್ನು ಕೆಲಸದ ಮಾತು. ನಾವು ಮದುವೆಗೆ ಎಷ್ಟೋ ಹೊಸ ಪದ್ಧತಿ ಸೇರಿಸಿಕೊಂಡಿದ್ದೇವೆ. ಈ ಆರನ್ನೂ ಸೇರಿಸೋಣ.

ಒಂದು, ಮಾತುಕತೆಗೆ ಹುಡುಗಿಯೂ ತಾಯಿಯೂ ಕೂರಬೇಕು. ಬರೀ ಗಂಡಸರು ಜಮಖಾನೆಯ ಮೇಲೆ ಕೂತು ಮುಗಿಸುವ ಮಾತುಕತೆ ಬೇಡ. ಖರ್ಚು ಎಷ್ಟು, ಯಾರು ಎಷ್ಟು ಹಾಕುತ್ತಾರೆ ಎಂಬುದು ಹುಡುಗಿಯ ಎದುರಿಗೇ ಆಗಲಿ. ಎರಡೂ ಕಡೆ ಅರ್ಧರ್ಧ ಹಾಕಲಿ.

ಎರಡು, ಉಡುಗೊರೆಯ ಪಟ್ಟಿ. 1985ರ ನಿಯಮಗಳ ಪ್ರಕಾರ ವಧುವಿಗೆ ಬಂದದ್ದರ ಒಂದು ಪಟ್ಟಿ, ವರನಿಗೆ ಬಂದದ್ದರ ಒಂದು ಪಟ್ಟಿ ಬರೆಯಬೇಕು. ವಸ್ತು ಯಾವುದು, ಅಂದಾಜು ಬೆಲೆ, ಕೊಟ್ಟವರ ಹೆಸರು, ಸಂಬಂಧ, ಕೊನೆಗೆ ವಧು-ವರ ಇಬ್ಬರ ಸಹಿ. ಆಯೇರಿ ಬರೆದುಕೊಳ್ಳಲು ಒಬ್ಬರನ್ನು ಕೂರಿಸುತ್ತೇವಲ್ಲ, ಅವರೇ ಇದನ್ನೂ ಬರೆಯಲಿ. ಒಂದು ಪ್ರತಿ ತವರಿನಲ್ಲಿರಲಿ. ನಾಳೆ ಕಷ್ಟ ಬಂದರೆ ಈ ಕಾಗದವೇ ಸಾಕ್ಷಿ.

ಮೂರು, ಬಂಗಾರ ಹುಡುಗಿಯದು. ಸ್ತ್ರೀಧನ ಹೆಂಡತಿಯ ಸ್ವಂತ ಸೊತ್ತು ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿತು, 2024ರಲ್ಲಿ ಮತ್ತೆ ಹೇಳಿತು. ಅತ್ತೆಯ ಕಪಾಟಿನಲ್ಲಿ ಇಡುವುದು ಬೇಡ. ಬಿಲ್ಲು ಅವಳ ಹೆಸರಿನಲ್ಲಿರಲಿ, ಬ್ಯಾಂಕ್ ಖಾತೆಯೂ ಅವಳ ಒಬ್ಬಳ ಹೆಸರಿನಲ್ಲಿರಲಿ. ಮದುವೆಗೆ ಮೊದಲು ಬೇರೆಯವರ ಕೈಗೆ ಹೋದ ವರದಕ್ಷಿಣೆಯನ್ನು ಮದುವೆಯಾದ ಮೂರು ತಿಂಗಳೊಳಗೆ ಅವಳಿಗೆ ಒಪ್ಪಿಸಬೇಕು ಎಂದು ಕಾಯ್ದೆಯ 6ನೇ ಕಲಮು ಹೇಳುತ್ತದೆ.

ನಾಲ್ಕು, ನೋಂದಣಿ. ಅಕ್ಕಿಕಾಳು ಬಿದ್ದ ವಾರದಲ್ಲೇ ಮದುವೆ ನೋಂದಣಿ ಆಗಲಿ. 2024ರ ಫೆಬ್ರುವರಿಯಿಂದ ಕಾವೇರಿ ತಂತ್ರಾಂಶದಲ್ಲಿ ಆನ್‌ಲೈನ್ ಮೂಲಕವೂ ಅರ್ಜಿ ಹಾಕಬಹುದು.

ಐದು, ಹೊಲದ ಹಕ್ಕು. "ಹುಂಡಾ ಕೊಟ್ಟೇವಿ, ಇನ್ನ ಹೊಲದಾಗ ನಿಂದೇನೈತಿ" ಎಂದು ಅಣ್ಣತಮ್ಮಂದಿರು ಹಕ್ಕು ಬಿಟ್ಟುಕೊಟ್ಟ ಪತ್ರಕ್ಕೆ ಸಹಿ ಹಾಕಿಸುತ್ತಾರೆ. ಹುಂಡಾ ಹೋದದ್ದು ಬೀಗರ ಮನೆಗೆ, ನಿಮ್ಮ ಕೈಗಲ್ಲ. ಕರ್ನಾಟಕ 1994ರಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿ ಮದುವೆಯಾದವರಿಗೂ ಕೊಟ್ಟಿತು. ಆ ದಿನ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಓದಿ ತಿಳಿಯದೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬೇಡಿ, ಸಹಿ ಹಾಕಬೇಡಿ.

ಆರು, ಸಂಘದ ಠರಾವು. ಹುಂಡಾಕ್ಕೆ ಸಂಘದ ಸಾಲವಿಲ್ಲ ಎಂದು ಪುಸ್ತಕದಲ್ಲಿ ಬರೆಯಿರಿ. ಸರಳ ಮದುವೆಗೆ ಬೇಕಾದರೆ ಕಡಿಮೆ ಬಡ್ಡಿಗೆ ಕೊಡಿ. ಮದುವೆಯಾಗಿ ಹೋದ ಹುಡುಗಿಯ ಫೋನ್ ನಂಬರು ಸಂಘದಲ್ಲಿರಲಿ, ತಿಂಗಳ ಸಭೆಯಲ್ಲಿ ಒಬ್ಬರು ಅವಳಿಗೆ ಫೋನು ಮಾಡಿ ಮಾತಾಡಲಿ. ಅವಳು ವಾಪಸು ಬಂದರೆ "ತಡಕೋ" ಎನ್ನುವ ಬದಲು "ಬಾ, ಕೂಡು" ಎನ್ನುವ ನಾಲ್ಕು ಮಂದಿ ಇರಲಿ.

ಕಾನೂನಿಗೆ ಹೆದರುವವರಿಗೆ ಒಂದು ಮಾತು. ವರದಕ್ಷಿಣೆ ಕೊಡುವುದೂ ಅಪರಾಧ, ತೆಗೆದುಕೊಳ್ಳುವುದೂ ಅಪರಾಧ, ಕನಿಷ್ಠ ಐದು ವರ್ಷ ಸಜೆ. ಹಾಗಾದರೆ ದೂರು ಕೊಟ್ಟರೆ ನಮ್ಮನ್ನೇ ಒಳಗೆ ಹಾಕುತ್ತಾರೆ ಎಂದು ತಂದೆತಾಯಿ ಸುಮ್ಮನಾಗುತ್ತಾರೆ. ಆದರೆ ನೊಂದವರು ಕೊಟ್ಟ ಹೇಳಿಕೆಯ ಮೇಲೆ ಅವರನ್ನೇ ಆರೋಪಿ ಮಾಡುವಂತಿಲ್ಲ ಎಂದು 7ನೇ ಕಲಮಿನಲ್ಲಿ ರಕ್ಷಣೆ ಇದೆ. 2024ರ ಜುಲೈ 1ರಿಂದ ಹಳೆಯ 498ಎ ಹೋಗಿ ಭಾರತೀಯ ನ್ಯಾಯ ಸಂಹಿತೆಯ 85, 86ನೇ ಕಲಮುಗಳು ಬಂದಿವೆ. ವರದಕ್ಷಿಣೆ ಸಾವಿಗೆ 80ನೇ ಕಲಮು. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ನಿಮ್ಮ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ರಕ್ಷಣಾಧಿಕಾರಿ. ಅಂಗನವಾಡಿಯವರನ್ನು ಕೇಳಿದರೆ ಅವರ ಕಚೇರಿ ತೋರಿಸುತ್ತಾರೆ. ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಉಚಿತ ಕಾನೂನು ನೆರವಿಗೆ 15100. ಈ ಮೂರು ನಂಬರುಗಳನ್ನು ಸಂಘದ ಪುಸ್ತಕದ ಮೊದಲ ಪುಟದಲ್ಲಿ ಬರೆಯಿರಿ.

ಮದುವೆ ಬೇಡ ಎಂದು ನಾನು ಹೇಳುವುದಿಲ್ಲ. ಹಾಡು ಬೇಕು, ಅರಿಷಿಣ ಬೇಕು, ಹುಗ್ಗಿ ಬೇಕು. ಗಂಡ ಸತ್ತ ತಾಯಿಯೂ ಮುಂದೆ ಬಂದು ಮಗಳ ಉಡಿ ತುಂಬಬೇಕು. ಇವನ್ನು ಉಳಿಸಿಕೊಳ್ಳಲು ಖರ್ಚಿಲ್ಲ. ಬಿಡಬೇಕಾದದ್ದು ಹುಂಡಾ. ಬರುವ ತಿಂಗಳ ಸಭೆಯಲ್ಲಿ ಉಳಿತಾಯ ಕಟ್ಟುವ ಮೊದಲು ಈ ಠರಾವಿನ ಬಗ್ಗೆ ಮಾತಾಡಿ. ಯಾರ ಮಗನ ಮದುವೆ ಮುಂದಿದೆಯೋ ಅವರು ಮೊದಲು ಸಹಿ ಹಾಕಲಿ.

ಈಗ ನಿಮ್ಮ ಪ್ರಶ್ನೆ ಕೇಳಿ.